ಪಗಾರ ತರದ ಓದಿನ ಲೆಕ್ಕ

"ತಿಂಗಳಿಗೆ ಎಷ್ಟು ಬರತೈತ್ರಿ ಅಕ್ಕಾರ?" ನಾನು ಪ್ಯಾರಾಲೀಗಲ್ ಡಿಪ್ಲೊಮಾ ಮುಗಿಸಿದ್ದೇನೆ ಎಂದು ಗೊತ್ತಾದವರೆಲ್ಲ ಕೇಳುವ ಮೊದಲ ಮಾತು ಇದು. ಗೋಕಾಕ ಫಾಲ್ಸಿನಲ್ಲಿ ದುಡ್ಡಿನ ಮಾತು ಪಗಾರದಿಂದಲೇ ಶುರುವಾಗುತ್ತದೆ. 1880ರ ದಶಕದಲ್ಲಿ ಘಟಪ್ರಭೆಯ ನೀರಿನ ಬಲ ನೋಡಿ ಇಲ್ಲಿ ನೂಲಿನ ಗಿರಣಿ ಕಟ್ಟಿದರು, ಗಿರಣಿಯ ಬೆನ್ನಿಗೆ ಊರು ಬೆಳೆಯಿತು. ಪಾಳಿ, ಹಾಜರಿ, ಪಗಾರದ ತಾರೀಖು ಇವುಗಳ ಮೇಲೆಯೇ ತಲೆಮಾರುಗಳು ಸಂಸಾರ ತೂಗಿಸಿವೆ. ಅಂಥ ಊರಲ್ಲಿ "ಏನೂ ಬರೂದಿಲ್ಲರಿ" ಎಂದರೆ ಕೇಳಿದವರಿಗೇ ಪಾಪ ಅನಿಸುತ್ತದೆ.

ಮನೆ ನಡೆಯುವುದು ಯಜಮಾನರ ಪಗಾರ ಮತ್ತು ನನ್ನ ಹೊಲಿಗೆ ಯಂತ್ರದ ಮೇಲೆ. ಡಿಪ್ಲೊಮಾ ಒಂದು ರೂಪಾಯಿಯನ್ನೂ ತಾನಾಗಿ ತಂದುಕೊಟ್ಟಿಲ್ಲ. ಆದರೂ ಅದಕ್ಕೆ ಹಾಕಿದ ದುಡ್ಡು ವಸೂಲಾಗಿದೆ ಎನ್ನುವವಳು ನಾನು. ಹೇಗೆ ಎಂದು ಹೇಳುವ ಮೊದಲು ಎಷ್ಟು ಹಾಕಿದೆ, ಯಾವುದಕ್ಕೆ ಹಾಕಲಿಲ್ಲ ಎಂಬುದನ್ನು ಹೇಳಬೇಕು.

ನಾನು ಸೇರಿದ್ದು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ, ಪ್ಯಾರಾಲೀಗಲ್ ಪ್ರಾಕ್ಟೀಸ್ ಡಿಪ್ಲೊಮಾಕ್ಕೆ. ಪಿಯುಸಿ ಆಗಿದ್ದರೆ ಸಾಕು. ಕಡಿಮೆಯೆಂದರೆ ಒಂದು ವರ್ಷ, ಆಗದಿದ್ದರೆ ಎಳೆದುಕೊಂಡು ಹೋಗಲೂ ಅವಕಾಶ ಇದೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಬೇರೆ ಖಾತೆಯಲ್ಲಿ ಮುಟ್ಟದೆ ಇಟ್ಟಿದ್ದೆ, ಶುಲ್ಕ ಅದರಲ್ಲೇ ಮುಗಿಯಿತು. ಓಡಾಟಕ್ಕೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಕೆಂಪು ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಇದೇ ಓದನ್ನು ನನ್ನ ಮೈದುನ ಓದಿದ್ದರೆ ಬಸ್ಸಿನ ಖರ್ಚು ಬೇರೆ ಬೀಳುತ್ತಿತ್ತು.

ಪುಸ್ತಕದ ವಿಷಯದಲ್ಲಿ ಒಂದು ಎಚ್ಚರ. ಹಳೆ ಪುಸ್ತಕದ ಅಂಗಡಿಯಲ್ಲಿ ಐಪಿಸಿ, ಸಿಆರ್‌ಪಿಸಿ ಗೈಡುಗಳು ಈಗ ಕಾಲು ಬೆಲೆಗೆ ಸಿಗುತ್ತವೆ. ಯಾಕೆ ಸಿಗುತ್ತವೆ ಎಂದರೆ 2024ರ ಜುಲೈ 1ರಿಂದ ಆ ಕಾಯ್ದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದಿವೆ. ಊರಿಗೆಲ್ಲ ಬಾಯಿಪಾಠವಾದ 420 ಈಗ 318 ಆಗಿದೆ. ಗಂಡ ಬಿಟ್ಟ ಹೆಂಗಸು ಜೀವನಾಂಶ ಕೇಳುವ 125ನೇ ಕಲಮು ಹೊಸ ಪುಸ್ತಕದಲ್ಲಿ 144. 2025ರ ನವೆಂಬರ್ 21ರಿಂದ ಕಾರ್ಮಿಕ ಕಾನೂನುಗಳ ಗತಿಯೂ ಅದೇ: ಹಳೆಯವು ಹೋಗಿ ನಾಲ್ಕು ಸಂಹಿತೆ. ಅಗ್ಗ ಎಂದು ತಂದರೆ ಆ ಪುಸ್ತಕ ರದ್ದಿಗೇ ಸೈ. ಮೂಲ ಕಾಯ್ದೆಗಳು ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ರಾಜ್ಯದ ಕಾಯ್ದೆಗಳ ಕನ್ನಡ ಪಾಠ ನಮ್ಮ ಸಂಸದೀಯ ವ್ಯವಹಾರಗಳ ಇಲಾಖೆಯ ತಾಣದಲ್ಲಿದೆ. ಬೇಕಾದ ಪುಟವಷ್ಟೇ ಝೆರಾಕ್ಸ್ ಮಾಡಿಸಿಕೊಂಡೆ.

ನಿಜವಾದ ಖರ್ಚು ರಸೀದಿಯಲ್ಲಿ ಕಾಣುವುದಿಲ್ಲ. ಇಗ್ನೋ ಪರೀಕ್ಷೆ ನಡೆಯುವುದು ಜೂನ್ ಮತ್ತು ಡಿಸೆಂಬರ್‌ನಲ್ಲಿ. ಜೂನ್ ಪರೀಕ್ಷೆಗೆ ಓದಬೇಕಾದ ಮೇ ತಿಂಗಳು ಅಂದರೆ ಲಗ್ನಸರಾಯಿ, ವರ್ಷದ ಅರ್ಧ ಬ್ಲೌಸು ನಾನು ಹೊಲಿಯುವುದು ಆಗಲೇ. ಗಿರಾಕಿ ವಾಪಸ್ಸು ಹೋದರೆ ಬರೀ ಆ ಬ್ಲೌಸಿನ ದುಡ್ಡಲ್ಲ, ಆ ಮನೆಯೇ ಬೇರೆ ಟೇಲರ್ ಕಡೆ ಹೋಗುತ್ತದೆ. ಅದಕ್ಕೇ ಡಿಸೆಂಬರ್‌ಗೆ ಹೆಚ್ಚು ಪೇಪರು ಇಟ್ಟುಕೊಂಡೆ. ಪುಸ್ತಕ ಬಂದದ್ದು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಕಲಿತವರು ಒಂದು ಪುಟಕ್ಕೆ ಮೂರು ಪುಟದ ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ದುಡ್ಡು ಹಾಕದೆ ಉಳಿಸಿದ್ದು ಖಾಸಗಿ ಸರ್ಟಿಫಿಕೇಟಿಗೆ. ಫೋನಿನಲ್ಲಿ ಜಾಹೀರಾತು ಬರುತ್ತಿತ್ತು: ಕೆಲವೇ ತಿಂಗಳ ಆನ್‌ಲೈನ್ ಕ್ಲಾಸು, ಹತ್ತಾರು ಸಾವಿರ ಶುಲ್ಕ, ಕಂತಿನ ಸೌಲಭ್ಯ, ಕೊನೆಗೆ ಡಾಲರ್ ಪಗಾರ. ಹೊರದೇಶದಲ್ಲಿ ಇದು ಪಗಾರದ ಉದ್ಯೋಗ ಎನ್ನುವುದು ಸುಳ್ಳಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2007ರಿಂದ ಪ್ಯಾರಾಲೀಗಲ್‌ಗಳಿಗೆ ಲೈಸೆನ್ಸ್ ಇದೆ, ಸಣ್ಣಪುಟ್ಟ ದಾವೆಗಳಲ್ಲಿ ಅವರೇ ಕಕ್ಷಿದಾರರ ಪರ ನಿಲ್ಲಬಹುದು. ನಮ್ಮಲ್ಲಿ ಅಂಥ ಲೈಸೆನ್ಸೇ ಇಲ್ಲ. 1961ರ ವಕೀಲರ ಕಾಯ್ದೆ ಪ್ರಕಾರ ವಕೀಲಿ ಮಾಡುವ ಹಕ್ಕು ಸನದು ಪಡೆದವರಿಗೆ ಮಾತ್ರ. ಇನ್ನು ಅರ್ಜಿ ಬರೆಯುವುದು, ಫೈಲು ಜೋಡಿಸುವುದು, ತಾರೀಖು ನೆನಪಿಡುವುದು, ನಕಲು ತೆಗೆಸುವುದು, ಇವನ್ನೆಲ್ಲ ಗೋಕಾಕ, ಮೂಡಲಗಿ, ಹುಕ್ಕೇರಿ ಕೋರ್ಟುಗಳಲ್ಲಿ ವಕೀಲರ ಗುಮಾಸ್ತರು ಯಾವ ಸರ್ಟಿಫಿಕೇಟೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ, ಚೆನ್ನಾಗಿಯೇ ಮಾಡುತ್ತಾರೆ. ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳ ಕಾಗದ ನೋಡುವ ಕಚೇರಿಗಳಿವೆ ನಿಜ, ಆದರೆ ಫಾಲ್ಸಿನ ಕ್ವಾರ್ಟರ್ಸಿನಿಂದ ಅಲ್ಲಿಗೆ ಹೋಗುವ ದಾರಿ ಆ ಸರ್ಟಿಫಿಕೇಟಿನಲ್ಲಿ ಬರೆದಿರುವುದಿಲ್ಲ.

"ಮಾಡೂದಾದ್ರ ಎಲ್‌ಎಲ್‌ಬಿನ ಮಾಡಲ್ಲ" ಎಂದರು ಯಜಮಾನರು. ಬೆಳಗಾವಿಯಲ್ಲಿ 1939ರಿಂದ ರಾಜಾ ಲಖಮಗೌಡ ಕಾನೂನು ಕಾಲೇಜಿದೆ. ಆದರೆ ಬಾರ್ ಕೌನ್ಸಿಲ್ ದೂರಶಿಕ್ಷಣದ ಎಲ್‌ಎಲ್‌ಬಿಯನ್ನು ಒಪ್ಪುವುದಿಲ್ಲ, ಹಾಜರಾತಿ ಬೇಕೇ ಬೇಕು. ಪದವಿಯೂ ಇಲ್ಲದ ನನಗೆ ಅದು ಐದು ವರ್ಷದ ಮಾತು. ಹೊಲಿಗೆ ಯಂತ್ರಕ್ಕೆ ಐದು ವರ್ಷ ಬಟ್ಟೆ ಹೊದಿಸಿ ಇಡುವ ಮನೆಯಲ್ಲ ನಮ್ಮದು.

ಡಿಪ್ಲೊಮಾ ಓದುತ್ತಲೇ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ ಆದೆ. ಕಚೇರಿಯವರು ಪಿಎಲ್‌ವಿ ಎನ್ನುತ್ತಾರೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2009ರಲ್ಲಿ ತಂದ ಯೋಜನೆ ಇದು. ಇದಕ್ಕೆ ಡಿಪ್ಲೊಮಾ ಬೇಕಾಗಿಲ್ಲ, ಆಯ್ಕೆ ಮಾಡಿ ಅವರೇ ತರಬೇತಿ ಕೊಡುತ್ತಾರೆ, ಗುರುತಿನ ಚೀಟಿ ಕೊಡುತ್ತಾರೆ. ಅಂಗನವಾಡಿಯವರು, ನಿವೃತ್ತ ಮಾಸ್ತರರು, ಕಾನೂನು ವಿದ್ಯಾರ್ಥಿಗಳು ಯಾರಾದರೂ ಆಗಬಹುದು. ಪಗಾರವಿಲ್ಲ, ಕೆಲಸಕ್ಕೆ ಹಚ್ಚಿದ ದಿನಕ್ಕೆ ಮಾತ್ರ ಗೌರವಧನ. ಯೋಜನೆಯಲ್ಲಿ ಮೊದಲು ದಿನಕ್ಕೆ 250 ರೂಪಾಯಿ ಎಂದಿತ್ತು, ಈಗ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಜನರ ಕೈಯಿಂದ ದುಡ್ಡು ಮುಟ್ಟುವಂತಿಲ್ಲ. ಹೊಟ್ಟೆಪಾಡಿಗೆಂದು ಯಾರೂ ಇದಕ್ಕೆ ಬರಬೇಡಿ.

ಹಾಗಾದರೆ ವಸೂಲಾದದ್ದು ಹೇಗೆ? ನಮ್ಮ ಓಣಿಯ ಕಾಕಾ ಒಬ್ಬರು, ಹೆಸರು ಬೇಡ, ತಾಲೂಕಿನ ಒಂದು ಖಾಸಗಿ ಸಂಸ್ಥೆಯಲ್ಲಿ ಡ್ರೈವರ್ ಆಗಿದ್ದರು. ಹೊಸ ಕಾರ್ಮಿಕ ಸಂಹಿತೆ ಬರುವ ಮೊದಲೇ ನಿವೃತ್ತರಾದರು. ಸಂಸ್ಥೆಯವರು ಗ್ರಾಚ್ಯುಟಿಯ ಲೆಕ್ಕ ಬರೆದ ಹಾಳೆ ಕೈಗಿಟ್ಟು ಸಹಿ ಕೇಳಿದ್ದರು. ಕಾಕಾ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಂದು, ನನ್ನ ಕತ್ತರಿ, ಚಾಕ್‌ಪೀಸುಗಳ ನಡುವೆ ಬಿಡಿಸಿಟ್ಟರು. "ಇದು ಬರೋಬ್ಬರಿ ಐತೇನ್ ನೋಡವಾ ತಂಗಿ."

ಮೂಲ ವೇತನ, ತುಟ್ಟಿಭತ್ಯೆ ಸೇರಿ ಕೊನೆಯ ಪಗಾರ 13,000. ಕಾನೂನು ಹೇಳುವುದು ವರ್ಷಕ್ಕೆ ಹದಿನೈದು ದಿನದ ಪಗಾರ. ಹಾಳೆಯಲ್ಲಿ 13,000ವನ್ನು 30ರಿಂದ ಭಾಗಿಸಿ 15ರಿಂದ ಗುಣಿಸಿದ್ದರು: 6,500. ಸೇವೆ 21 ವರ್ಷ 7 ತಿಂಗಳು, ಅವರು ಹಿಡಿದದ್ದು 21. ಮೊತ್ತ 1,36,500. ನೋಡಿದರೆ ಎಲ್ಲಾ ಸರಿಯೇ ಎನಿಸುತ್ತದೆ, ತಿಂಗಳಿಗೆ ಮೂವತ್ತು ದಿನ ತಾನೆ? ಅಲ್ಲ. 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ತಿಂಗಳ ಪಗಾರದವರಿಗೆ ಭಾಗಿಸಬೇಕಾದದ್ದು 26ರಿಂದ, ವಾರದ ರಜೆ ಕಳೆದು ಉಳಿಯುವ ಕೆಲಸದ ದಿನಗಳು ಅವು. ಆರು ತಿಂಗಳಿಗಿಂತ ಹೆಚ್ಚಾದ ತುಂಡು ಅವಧಿಯನ್ನು ಪೂರಾ ವರ್ಷ ಎಂದು ಹಿಡಿಯಬೇಕು. ಹಾಗೆ ಹಾಕಿದರೆ ವರ್ಷಕ್ಕೆ 7,500, ಅದು 22 ವರ್ಷಕ್ಕೆ 1,65,000. ಕಾಕಾ ಸಹಿ ಹಾಕಿದ್ದರೆ 28,500 ರೂಪಾಯಿ ಅಲ್ಲೇ ಉಳಿಯುತ್ತಿತ್ತು. ಜಗಳ, ಕೋರ್ಟು ಏನೂ ಬೇಕಾಗಲಿಲ್ಲ. ಕಾಯ್ದೆಯ ಆ ಕಲಮಿನ ಪ್ರತಿ, ಬಿಳಿ ಹಾಳೆಯ ಮೇಲೆ ಎರಡೇ ಸಾಲಿನ ಲೆಕ್ಕ, ಅರ್ಜಿ, ಅದಕ್ಕೆ ಸ್ವೀಕೃತಿಯ ಸಹಿ. ಇಷ್ಟಾದ ಮೇಲೆ ಹಾಳೆ ತಿದ್ದಿಕೊಂಡು ಬಂತು. ಈಗ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ 26ರ ಸೂತ್ರವಿದೆ. ನಾನು ದುಡ್ಡು ಮುಟ್ಟಲಿಲ್ಲ. ಕಾಕಾನ ಸೊಸೆ ಮಾತ್ರ ಅಂದಿನಿಂದ ಬ್ಲೌಸು ನನ್ನಲ್ಲೇ ಹೊಲಿಸುತ್ತಾಳೆ, ಅವಳ ತವರಿನವರೂ ಕೂಡ.

ನಮ್ಮಂಥ ಗಿರಣಿ ಊರಿಗೆ ಗೊತ್ತಿರಲೇಬೇಕಾದದ್ದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಜೊತೆಗೆ ಕೈಗಾರಿಕಾ ಕಾರ್ಮಿಕರು, ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಫಾಲ್ಸಿನಲ್ಲಿ ಈ ಪಟ್ಟಿಯ ಹೊರಗೆ ಉಳಿಯುವ ಮನೆಯನ್ನು ಹುಡುಕಬೇಕಾಗುತ್ತದೆ. ಆದರೂ ಫೀಸು ಕೊಡಲು ಬಂಗಾರ ಅಡ ಇಡುವವರನ್ನು ನೋಡುತ್ತಲೇ ಇದ್ದೇನೆ. 15100ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾಹಿತಿ ಸಿಗುತ್ತದೆ. ಕೋರ್ಟಿನಲ್ಲಿರುವ ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಫೀಸೂ ವಾಪಸ್ಸು ಬರುತ್ತದೆ. ಅಲ್ಲಿಯ ತೀರ್ಮಾನದ ಮೇಲೆ ಅಪೀಲು ಇಲ್ಲ ಎಂಬುದನ್ನು ಮಾತ್ರ ಸಹಿಗೆ ಮೊದಲು ತಿಳಿದುಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ವಸೂಲಿ ನನ್ನ ತವರಿನದು. ಹುಕ್ಕೇರಿ ತಾಲೂಕಿನಲ್ಲಿ ಅಪ್ಪನ ಕಬ್ಬಿನ ಹೊಲ. ಅಪ್ಪ ತೀರಿಕೊಂಡ ಮೇಲೆ ಉತಾರಕ್ಕೆ ವಾರಸಾ ಹೆಸರು ಏರಿಸುವ ಹೊತ್ತಿಗೆ ಅಣ್ಣ ಹಕ್ಕುಬಿಟ್ಟ ಪತ್ರ ಬರೆಸಿ ತಂದ. ನಮ್ಮ ಕಡೆ ಅಕ್ಕತಂಗಿಯರು ಚಹಾ ಕುಡಿದು ಸಹಿ ಹಾಕಿ ಬರುವ ಕಾಗದ ಅದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಇದೆ, ಅಪ್ಪ ಯಾವಾಗ ತೀರಿಕೊಂಡರು ಎಂಬುದು ಅಡ್ಡಿಯಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. "ಅಣ್ಣಾ, ನಾ ಬಿಡೂದಿಲ್ಲ ಅನ್ನೂದಿಲ್ಲ. ಎಷ್ಟು ಬಿಡಾಕತ್ತೀನಿ ಅನ್ನೂದ್ ಮೊದ್ಲ ಬರೀ" ಎಂದೆ. ಎಕರೆಗೆ ನಡೆಯುವ ಧಾರಣಿ ಬರೆದು ನನ್ನ ಪಾಲು ಕೂಡಿಸಿದಾಗ ಅಣ್ಣನೇ ಸುಮ್ಮನಾದ. ಕೊನೆಗೆ ಹೊಲ ಅವನಿಗೇ ಬಿಟ್ಟೆ, ಉಳುವವನು ಅವನೇ. ಅದರ ಬದಲಿಗೆ ಅವ್ವನ ಹೆಸರಿನಲ್ಲಿ ಬ್ಯಾಂಕಿನ ಠೇವಣಿ, ಬಡ್ಡಿ ನೇರ ಅವ್ವನ ಖಾತೆಗೆ, ನಾಮಿನಿ ನಾನು. ಪತ್ರ ನೋಂದಣಿ ಆಯಿತು. ವೈನಿ ಕೆಲವು ದಿನ ಮಾತಾಡಿಸಲಿಲ್ಲ. ಈಗ ಅವ್ವನ ಔಷಧಿಗೆ ಯಾರ ಮುಂದೆಯೂ ಕೈ ಚಾಚುವುದಿಲ್ಲ ಎಂದು ಅವಳಿಗೂ ನಿರಾಳ.

ಮೊನ್ನೆ ಓಣಿಯ ಹುಡುಗಿಯೊಬ್ಬಳು ಇದೇ ಕೋರ್ಸಿಗೆ ಸಂಘದಿಂದ ಸಾಲ ತೆಗೆಯಲೇ ಎಂದು ಕೇಳಿದಳು. ಸಾಲ ಮಾಡಿ ಬೇಡ, ವಾರದ ಕಂತಿಗೆ ಈ ಓದು ಉತ್ತರ ಕೊಡುವುದಿಲ್ಲ ಎಂದೆ. ಇಗ್ನೋ ಪ್ರವೇಶ ಜನವರಿಗೂ ಇದೆ, ಜುಲೈಗೂ ಇದೆ, ಅವಸರವಿಲ್ಲ. ಮೊದಲು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿ, ವಕೀಲರ ಆಫೀಸಿನವರು ಪುಟದ ಲೆಕ್ಕದಲ್ಲಿ ದುಡ್ಡು ಕೊಡುವುದು ಅದಕ್ಕೆ. ಆ ದುಡ್ಡಿನಲ್ಲಿ ಶುಲ್ಕ ಕಟ್ಟು. ಅವಳು ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಾಳೆ, ನನ್ನ ಹಳೆಯ ನೋಟ್ಸು ಕೇಳಿದ್ದಾಳೆ. ಕೊಡುವ ಮೊದಲು ಕಾರ್ಮಿಕ ಕಾನೂನಿನ ಭಾಗ ಹರಿದು ತೆಗೆಯಬೇಕು, ಅದಷ್ಟೂ ಬದಲಾಗಿದೆ.