ಸಂಜೆಯ ಕಸವನ್ನು ಮೂಲೆಯಲ್ಲಿಡಿ

ಪ್ರಶ್ನೆ: ತಾಲ್ಲೂಕು ಕಚೇರಿ ಎದುರು ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಡಿಟಿಪಿ, ಆನ್‌ಲೈನ್ ಅರ್ಜಿ ಎಲ್ಲ ಮಾಡುತ್ತೇನೆ. ಹನ್ನೊಂದು ವರ್ಷವಾಯಿತು. ಕಂಪ್ಯೂಟರ್ ತೀರಾ ನಿಧಾನವಾಯಿತೆಂದು ಹೋದ ವರ್ಷ ನನ್ನ ಮೈದುನನ ಮಗ ಹಳೇ ಹಾರ್ಡ್ ಡಿಸ್ಕ್ ತೆಗೆದು 256 ಜಿಬಿಯ ಎಸ್‌ಎಸ್‌ಡಿ ಹಾಕಿಕೊಟ್ಟ. ಅದೂ ಆರೇ ತಿಂಗಳಿಗೆ ತುಂಬಿ ಸಿ ಡ್ರೈವ್ ಕೆಂಪಗಾಯಿತು. ಅವನು ಬಂದು ಏನೋ ಸೆಟ್ಟಿಂಗ್ ಮಾಡಿ, "ದೊಡ್ಡಮ್ಮ, ಇನ್ನು ವಾರಕ್ಕೊಂದು ಸಲ ಬೇಡದ ಫೈಲೆಲ್ಲ ಅದೇ ಅಳಿಸಿಕೊಳ್ಳುತ್ತೆ, ನೀವು ತಲೆ ಕೆಡಿಸಿಕೊಳ್ಳಬೇಡಿ" ಎಂದು ಹೋದ.

ಕಳೆದ ತಿಂಗಳು ಒಂದು ಲಗ್ನಪತ್ರಿಕೆ ಕೆಲಸ ಬಂತು. ಫೋಟೋ, ಹೆಸರುಗಳ ಪಟ್ಟಿ ಎಲ್ಲ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರು. ಕೋರೆಲ್‌ನಲ್ಲಿ ಮಾಡಿ ಪ್ರೂಫ್ ಕೊಟ್ಟೆ. ಅವರು ತಿದ್ದುಪಡಿ ಹಿಡಿದು ಬಂದದ್ದು ಮೂರು ವಾರ ಬಿಟ್ಟು. ತೆಗೆದು ನೋಡಿದರೆ ಫೈಲೇ ಇಲ್ಲ! ಡೌನ್‌ಲೋಡ್ಸ್ ಖಾಲಿ, ರೀಸೈಕಲ್ ಬಿನ್ನೂ ಖಾಲಿ. ಸುಖಾಗಮನ ಬಯಸುವವರದ್ದೇ ನೂರ ನಲವತ್ತು ಹೆಸರಿತ್ತು. ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡಿದೆ. ಗಿರಾಕಿಯಿಂದ ಮಾತೂ ಕೇಳಿಸಿಕೊಂಡೆ. ಯಜಮಾನರು "ಆ ಪೀಡೆ ಮೊದಲು ಆಫ್ ಮಾಡು" ಅನ್ನುತ್ತಾರೆ. ಹುಡುಗ "ಡೌನ್‌ಲೋಡ್ಸ್ ಅಂದ್ರೆ ಉಗ್ರಾಣ ಅಲ್ಲ ದೊಡ್ಡಮ್ಮ" ಅಂದುಬಿಟ್ಟ. ಆವತ್ತಿನಿಂದ ಅವನ ಹತ್ತಿರ ಮಾತಿಲ್ಲ. ಈಗ ದಿನಾ ಬಾಗಿಲು ಹಾಕುವ ಮುಂಚೆ ಒಂದೊಂದೇ ಫೋಲ್ಡರ್ ತೆರೆದು ಏನು ಇದೆ, ಏನು ಹೋಯಿತು ಎಂದು ಎಣಿಸುತ್ತಾ ಕೂರುತ್ತೇನೆ. ಇನ್ನೊಂದು ಹೇಳಲೋ ಬೇಡವೋ. ಸದ್ಯಕ್ಕೆ ಬೇಡ, ಮುಂದೆ ಬೇಕಾದೀತು ಅನ್ನುವುದನ್ನು ನಾನು ರೀಸೈಕಲ್ ಬಿನ್‌ಗೆ ಹಾಕಿಡುತ್ತಿದ್ದೆ. ಅದನ್ನು ಕೇಳಿ ಹುಡುಗ ನಕ್ಕ. ಆಫ್ ಮಾಡಿಬಿಡಲೇ?
— ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ತಂಗೀ, ಆಫ್ ಮಾಡಬೇಡಿ. ಯಜಮಾನರ ಸಿಟ್ಟು ನ್ಯಾಯವಾದದ್ದೇ, ಆದರೂ ಬೇಡ. ಏಕೆಂದು ಹೇಳುತ್ತೇನೆ, ಅದಕ್ಕೂ ಮೊದಲು ಆ ನಗುವಿನ ವಿಷಯ ಮುಗಿಸಿಬಿಡೋಣ.

ರೀಸೈಕಲ್ ಬಿನ್ನನ್ನು ಕಪಾಟು ಮಾಡಿಕೊಂಡವರು ನೀವೊಬ್ಬರೇ ಅಲ್ಲ. ಕಂಪ್ಯೂಟರ್ ಕಲಿಸುತ್ತಿದ್ದ ಕಾಲದಲ್ಲಿ ಅಂಥವರನ್ನು ಬೇಕಾದಷ್ಟು ಕಂಡಿದ್ದೇನೆ, ಅವರಲ್ಲಿ ಒಬ್ಬರು ಲೆಕ್ಕಪತ್ರದ ಮೇಷ್ಟ್ರು. ಹಾಕಿದ್ದು ಮರಳಿ ಸಿಗುತ್ತದೆ ಎಂದು ಒಂದು ಸಲ ಗೊತ್ತಾದರೆ ಸಾಕು, ಮನಸ್ಸು ಅದನ್ನು ಇಡುವ ಜಾಗ ಎಂದೇ ಎಣಿಸಿಬಿಡುತ್ತದೆ. ಆದರೆ ಅದು ಮುಸುರೆ ಬಾನಿಯಲ್ಲಿ ಬೆಳ್ಳಿ ಲೋಟ ಇಟ್ಟ ಹಾಗೆ. ಲೋಟ ಎಲ್ಲೂ ಹೋಗಿಲ್ಲ ನಿಜ, ಬಾನಿ ಚೆಲ್ಲಲು ಬರುವವರಿಗೆ ಮಾತ್ರ ಅದು ಕಾಣುವುದಿಲ್ಲ. ಇವತ್ತೇ ಬಿಟ್ಟುಬಿಡಿ.

ನಿಮ್ಮ ಹುಡುಗ ಚಾಲೂ ಮಾಡಿದ್ದು ವಿಂಡೋಸ್‌ನಲ್ಲೇ ಇರುವ ಸ್ಟೋರೇಜ್ ಸೆನ್ಸ್ ಇರಬೇಕು. 2017ರಿಂದ ವಿಂಡೋಸ್ 10ರಲ್ಲಿ ಬಂತು, 11ರಲ್ಲೂ ಇದೆ. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಂ, ಅದರಲ್ಲಿ ಸ್ಟೋರೇಜ್ ತೆರೆದರೆ ಸಿಗುತ್ತದೆ. ಅದು ಗುಡಿಸುವ ಜಾಗಗಳು ಕೆಲವೇ: ಪ್ರೋಗ್ರಾಂಗಳು ಕೆಲಸದ ನಡುವೆ ಬರೆದಿಟ್ಟು ಮರೆತ ಟೆಂಪ್ ಫೈಲುಗಳು, ರೀಸೈಕಲ್ ಬಿನ್, ಡೌನ್‌ಲೋಡ್ಸ್. ದಿನಕ್ಕೊಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಇಲ್ಲವೇ ಜಾಗ ಕಡಿಮೆಯಾದಾಗ ಮಾತ್ರ, ಹೀಗೆ ಸರದಿ ಗೊತ್ತುಮಾಡಬಹುದು. ಬಿನ್‌ಗೂ ಡೌನ್‌ಲೋಡ್ಸ್‌ಗೂ ಬೇರೆ ಬೇರೆ ಗಡುವು: 1, 14, 30, 60 ದಿನ, ಅಥವಾ ಎಂದಿಗೂ ಬೇಡ. ಕಂಪನಿಯಿಂದ ಬರುವಾಗ ಡೌನ್‌ಲೋಡ್ಸ್ ಎದುರು ಇರುವುದು 'ಎಂದಿಗೂ ಬೇಡ' ಎಂದೇ. ಮೂರು ವಾರಕ್ಕೆ ನಿಮ್ಮ ಫೈಲು ಹೋಗಿದೆಯೆಂದರೆ ಹುಡುಗ ಅದನ್ನು 14ಕ್ಕೋ 1ಕ್ಕೋ ತಿರುಗಿಸಿದ್ದಾನೆ. ತಿರುಗಿಸಿದ್ದು ತಪ್ಪಲ್ಲ, ನಿಮಗೆ ಹೇಳದೆ ತಿರುಗಿಸಿದ್ದು ತಪ್ಪು. ಗಡುವು ಇಟ್ಟವನು ಅವನು, ಗಿರಾಕಿಯ ಮಾತು ಕೇಳಿಸಿಕೊಂಡವರು ನೀವು. ನಿಮ್ಮ ಹೊಟ್ಟೆಯುರಿಗೆ ನೂರ ನಲವತ್ತು ಹೆಸರಿಗಿಂತ ಅದೇ ಹೆಚ್ಚಿನ ಕಾರಣ ಎಂದು ನನ್ನ ಊಹೆ.

ಈ ಪೊರಕೆಗೆ ಗೊತ್ತಿರುವುದು ಎರಡೇ: ಫೈಲು ಎಲ್ಲಿದೆ, ಎಷ್ಟು ದಿನದಿಂದ ಯಾರೂ ತೆರೆದಿಲ್ಲ. ಒಳಗೆ ಮದುವೆಯಿದೆಯೋ, ಯಾರೋ ಕಳಿಸಿದ ಗುಡ್ ಮಾರ್ನಿಂಗ್ ಗುಲಾಬಿ ಹೂವಿದೆಯೋ, ಅದಕ್ಕೆ ತಿಳಿಯದು. ಕೋರೆಲ್ ತಾನಾಗಿಯೇ ಒಂದು ಬ್ಯಾಕಪ್ ಪ್ರತಿ ಮಾಡಿಡುತ್ತದಲ್ಲ, ಅದೂ ಉಳಿಯಲಿಲ್ಲ ನೋಡಿ. ಅದು ಮೂಲ ಫೈಲಿನ ಪಕ್ಕದಲ್ಲೇ, ಅದೇ ಫೋಲ್ಡರಿನಲ್ಲಿ ಕೂರುವಂಥದ್ದು. ಅಣ್ಣತಮ್ಮ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು.

ಇಂಥ ಎಡವಟ್ಟು ದೊಡ್ಡವರಿಂದಲೂ ಆಗಿದೆ. 2018ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಬಿಟ್ಟ ವಿಂಡೋಸ್ 10ರ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನೇ ಅಳಿಸಿಬಿಟ್ಟಿತು. ಆ ಫೋಲ್ಡರುಗಳ ಜಾಗವನ್ನು ಬೇರೆ ಡ್ರೈವ್‌ಗೆ ಬದಲಾಯಿಸಿಕೊಂಡು, ಹಳೇ ಜಾಗದಲ್ಲೂ ಫೈಲು ಉಳಿಸಿಕೊಂಡವರು ಅವರು. ಹಳೇ ಜಾಗವೆಂದರೆ ಖಾಲಿ ಜಾಗ ಎಂದು ಅಪ್‌ಡೇಟ್ ತಿಳಿದುಕೊಂಡಿತು. ಕೆಲವೇ ದಿನಕ್ಕೆ ಅದನ್ನು ತಡೆಹಿಡಿಯಬೇಕಾಯಿತು. ಅಷ್ಟು ದೊಡ್ಡ ಕಂಪನಿಯ ಎಂಜಿನಿಯರುಗಳಿಗೇ ಆದದ್ದು ನಿಮ್ಮ ಮೈದುನನ ಮಗನಿಗೆ ಆಯಿತು, ಬಿಡಿ.

ನನ್ನದೂ ಒಂದಿದೆ. ಇದೇ ಅಂಕಣದ ಒಂದು ಬರಹ ಸಂಪಾದಕರಿಂದ ಮೇಲ್‌ನಲ್ಲಿ ತಿದ್ದುಪಡಿಗೆಂದು ವಾಪಸು ಬಂದಿತ್ತು. ಮೇಲ್‌ನಿಂದಲೇ ನೇರ ತೆರೆದು ಎರಡು ಗಂಟೆ ತಿದ್ದಿ, ಸೇವ್ ಒತ್ತಿ, ನೆಮ್ಮದಿಯಾಗಿ ಊಟಕ್ಕೆ ಎದ್ದೆ. ಮರುದಿನ ಹುಡುಕಿದರೆ ಎಲ್ಲೂ ಇಲ್ಲ. ಮೇಲ್ ಪ್ರೋಗ್ರಾಂ ಅದನ್ನು ಟೆಂಪ್ ಫೋಲ್ಡರಿನ ಯಾವುದೋ ಸಂದಿಯಲ್ಲಿ ಇಳಿಸಿಕೊಂಡು ತೆರೆದಿತ್ತು, ನಾನು ಸೇವ್ ಮಾಡಿದ್ದೂ ಅಲ್ಲಿಗೇ. ಗುಡಿಸುವ ಜಾಗದಲ್ಲಿ ಕೂತು ಮುತ್ತು ಪೋಣಿಸಿದ್ದೆ. ಅಂದಿನಿಂದ ಮೇಲ್ ಇರಲಿ, ವಾಟ್ಸ್ಆ್ಯಪ್ ಇರಲಿ, ಬಂದದ್ದನ್ನು ಮೊದಲು ಸೇವ್ ಆ್ಯಸ್ ಕೊಟ್ಟು ನನ್ನ ಫೋಲ್ಡರಿಗೆ ಹಾಕಿಕೊಂಡೇ ಕೈ ಹಚ್ಚುವುದು.

ನೀವೂ ಹಾಗೇ ಮಾಡಬೇಕು. ಡಿ ಡ್ರೈವ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಡಾಕ್ಯುಮೆಂಟ್ಸ್ ಒಳಗೆ, 'ಕೆಲಸ' ಎಂದೊಂದು ಫೋಲ್ಡರ್ ಮಾಡಿ. ಗಿರಾಕಿಯ ಹೆಸರು, ತಿಂಗಳು ಹಾಕಿ ಒಳಗೊಂದು ಮರಿ ಫೋಲ್ಡರ್. ಕೋರೆಲ್ ತೆರೆದು ಮೊದಲ ಅಕ್ಷರ ಹಾಕುವ ಮುಂಚೆ ಅಲ್ಲಿಗೆ ಸೇವ್ ಮಾಡಿ. ಸ್ಟೋರೇಜ್ ಸೆನ್ಸ್‌ನ ಪೊರಕೆ ಅಲ್ಲಿಗೆ ಬರುವುದಿಲ್ಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ, ಪ್ರತಿ ಡೌನ್‌ಲೋಡಿಗೂ ಎಲ್ಲಿಡಬೇಕೆಂದು ಕೇಳುವ ಆಯ್ಕೆಯಿದೆ, ಅದನ್ನೂ ಹಾಕಿಕೊಳ್ಳಿ. ಮೊದಮೊದಲು ಕಿರಿಕಿರಿಯಾಗುತ್ತದೆ. ಆದರೆ ಇಡುವಾಗಲೇ ಇದು ಕೆಲಸವೋ ಕಸವೋ ಎಂದು ಒಂದು ಗಳಿಗೆ ಯೋಚಿಸುವಂತೆ ಮಾಡುತ್ತದೆ. ದಿನಾ ಸಂಜೆ ಫೋಲ್ಡರ್ ಎಣಿಸುವುದಕ್ಕಿಂತ ಆ ಕಿರಿಕಿರಿ ವಾಸಿ.

ಹಾಗಿದ್ದ ಮೇಲೆ ಡೌನ್‌ಲೋಡ್ಸ್ ಗುಡಿಸುವುದನ್ನು ನಿಲ್ಲಿಸಬಾರದೇಕೆ? ನಿಮ್ಮ ಪತ್ರದಲ್ಲಿ ನೀವು ಬರೆಯದೇ ಬಿಟ್ಟ ಸಂಗತಿಯೊಂದಿದೆ. ಅರ್ಜಿ ಹಾಕಿಸಲು ಬರುವವರು ನಿಮ್ಮ ಮುಂದಿಡುವುದೇನು? ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್, ಜಾತಿ ಆದಾಯ ಪ್ರಮಾಣಪತ್ರ, ಪಹಣಿ. ಅವೆಲ್ಲ ಮೊದಲು ಇಳಿಯುವುದು ಆ ಡೌನ್‌ಲೋಡ್ಸ್ ಒಳಗೇ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ, ಅಷ್ಟೇ ಅದು. ಪಕ್ಕದ ಮಾರ್ಕ್ಸ್ ಕಾರ್ಡಿನಲ್ಲಿ ಎರಡೂ ಇರುತ್ತವೆ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ ತಿಂಗಳಲ್ಲಿ ಒಂದು ಸೂಚನೆ ಹೊರಡಿಸಿತ್ತು. ಇಂಟರ್‌ನೆಟ್ ಕೆಫೆಯಂಥ ಕಡೆ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಆ ಪ್ರತಿಗಳನ್ನು ಶಾಶ್ವತವಾಗಿ ಅಳಿಸಿ ಎಂಬ ಮಾತು ಅದರಲ್ಲಿತ್ತು. ಜನ ತಪ್ಪು ತಿಳಿಯಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನಕ್ಕೆ ಅದನ್ನು ವಾಪಸು ಪಡೆಯಿತು. ವಾಪಸಾದದ್ದು ಕಾಗದ, ಅಳಿಸಿ ಎಂಬ ಬುದ್ಧಿಮಾತು ಸುಳ್ಳಾಗಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಧಾಟಿಯೂ ಅದೇ: ಯಾವ ಕೆಲಸಕ್ಕೆಂದು ಪಡೆದಿರೋ ಆ ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬಾರದು. ನಿಮ್ಮಲ್ಲಿಗೆ ಬರುವ ಅಜ್ಜಿಗೆ ಇದೊಂದೂ ತಿಳಿಯದು. ನಿಮ್ಮ ಮುಖ ನೋಡಿ ಕಾರ್ಡ್ ಕೊಟ್ಟು, ಮಡಿಸಿದ ಚೀಲ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋಗುತ್ತಾರೆ.

ಆದ್ದರಿಂದ ಡೌನ್‌ಲೋಡ್ಸ್ ಗಡುವು 14 ದಿನವೇ ಇರಲಿ, ಸರದಿ ವಾರಕ್ಕೊಮ್ಮೆಯೇ ಇರಲಿ. ಸರ್ವರ್ ಡೌನ್, ಓಟಿಪಿ ಬರಲಿಲ್ಲ, ಮೊಬೈಲ್ ಮಗನ ಹತ್ತಿರ ಇದೆ ಎಂದು ನಾಲ್ಕು ದಿನ ಎಳೆಯುವ ಅರ್ಜಿಗಳಿಗೆ 1 ದಿನದ ಗಡುವು ಸಾಲದು. ಒಂದು ಲೆಕ್ಕ ನೆನಪಿರಲಿ: ಗಡುವು 14 ಇದ್ದರೂ ಪೊರಕೆ ಬರುವುದು ವಾರಕ್ಕೊಮ್ಮೆ, ಹಾಗಾಗಿ ಒಂದು ಫೈಲು ಮೂರು ವಾರದ ಹತ್ತಿರ ಉಳಿದೀತು. ಆಧಾರ್‌ಗೆ ಅಷ್ಟು ಕಾಯಬೇಡಿ. ಅರ್ಜಿ ಮುಗಿದ ಕೂಡಲೇ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ, ಬಿನ್‌ಗೂ ಹೋಗದೆ ಅಳಿಯುತ್ತದೆ. ಸ್ವೀಕೃತಿ ಪತ್ರ ಮಾತ್ರ 'ಕೆಲಸ'ದಲ್ಲಿ ಇಟ್ಟುಕೊಳ್ಳಿ.

ಬಿನ್ನಿನ ಗಡುವನ್ನು ಮಾತ್ರ 30 ದಿನಕ್ಕೆ ಏರಿಸಿ. ಹುಡುಗ ಅದನ್ನು 1ಕ್ಕೆ ಇಟ್ಟಿರಬಹುದು ಎಂದು ನನಗೆ ಗುಮಾನಿ. ನಮ್ಮ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಎನ್ನುತ್ತಿದ್ದರು, ಗುಡಿಸಲೇಬೇಕಾಗಿ ಬಂದರೆ ಹೊರಗೆ ಚೆಲ್ಲದೆ ಬಾಗಿಲ ಮೂಲೆಯಲ್ಲಿ ಒತ್ತರಿಸಿಡುತ್ತಿದ್ದರು. ಲಕ್ಷ್ಮಿ ಹೋಗುತ್ತಾಳೆ ಎಂಬುದು ಮಕ್ಕಳಿಗೆ ಹೇಳುವ ಕಾರಣ. ನಮ್ಮಜ್ಜಿ ಹೇಳುತ್ತಿದ್ದುದು ಬೇರೆ: ಬುಡ್ಡಿ ಬೆಳಕಿನಲ್ಲಿ ಮೂಗುಬೊಟ್ಟು ಬಿದ್ದಿದ್ದರೆ ಕಾಣುತ್ತದೇನೇ? ಬೆಳಿಗ್ಗೆ ಆ ಮೂಲೆಯ ಕಸವನ್ನು ಕೈಯಲ್ಲಿ ಕೆದಕಿ ನೋಡಿಯೇ ತಿಪ್ಪೆಗೆ ಹಾಕುತ್ತಿದ್ದಳು. ರೀಸೈಕಲ್ ಬಿನ್ ಎಂದರೆ ಆ ಬಾಗಿಲ ಮೂಲೆ. ಪೆನ್‌ಡ್ರೈವ್‌ನಲ್ಲಿ ಅಳಿಸಿದ್ದು ಮಾತ್ರ ಸಾಮಾನ್ಯವಾಗಿ ಆ ಮೂಲೆಗೆ ಬರದೆ ನೇರ ತಿಪ್ಪೆ ಸೇರುತ್ತದೆ, ಗಿರಾಕಿಯ ಪೆನ್‌ಡ್ರೈವ್ ಮುಟ್ಟುವಾಗ ಹುಷಾರು.

ಹೋದ ಪತ್ರಿಕೆಯನ್ನು ರಿಕವರಿ ಅಂಗಡಿಗೆ ಕೊಟ್ಟು ತೆಗೆಸಲೇ ಎಂದು ಯೋಚಿಸಿದ್ದರೆ, ದುಡ್ಡು ಉಳಿಸಿಕೊಳ್ಳಿ. ಹಳೇ ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಎಂದರೆ 'ಈ ಜಾಗ ಖಾಲಿ' ಎಂದು ಪಟ್ಟಿಯಲ್ಲಿ ಬರೆದುಕೊಳ್ಳುವುದು ಮಾತ್ರ, ಮೇಲೆ ಬೇರೇನಾದರೂ ಬರೆಯುವ ತನಕ ಒಳಗಿನ ದತ್ತಾಂಶ ಹಾಗೇ ಮಲಗಿರುತ್ತದೆ. ಎಸ್‌ಎಸ್‌ಡಿ ಹಾಗಲ್ಲ. ಅಳಿಸಿದ ಜಾಗ ಯಾವುದೆಂದು ವಿಂಡೋಸ್ ಅದಕ್ಕೆ ತಿಳಿಸುತ್ತದೆ, ಟ್ರಿಮ್ ಎನ್ನುತ್ತಾರೆ. ಡಿಸ್ಕ್ ತಾನೇ ಒಳಗಿಂದ ತೊಳೆದುಕೊಳ್ಳುತ್ತದೆ. ಆಮೇಲೆ ಸಿಗುವ ಆಸೆ ಬಹುತೇಕ ಇಲ್ಲ.

ಇದನ್ನು ಬರೆಯುವಾಗಲೇ ನನಗೆ ಹೊಳೆದದ್ದು: ಹೋದ ವರ್ಷ ತೆಗೆದ ಆ ಹಳೇ ಹಾರ್ಡ್ ಡಿಸ್ಕ್ ಈಗ ಎಲ್ಲಿದೆ? ನೀವು ಅದರ ಸುದ್ದಿಯನ್ನೇ ಎತ್ತಿಲ್ಲ. ಹತ್ತು ವರ್ಷದ ಗಿರಾಕಿಗಳ ಆಧಾರ್ ಅದರಲ್ಲಿದೆ, ನೀವು ಅಳಿಸಿದೆ ಎಂದುಕೊಂಡವು ಕೂಡ ಒಂದಷ್ಟು ಇದ್ದಾವು. ಗುಜರಿಗೆ ಹೋಗಿದ್ದರೆ ದೇವರೇ ಗತಿ. ಹುಡುಗನ ಮೇಜಿನ ಡ್ರಾಯರಿನಲ್ಲಿದ್ದರೆ ತರಿಸಿ. ಕೆಲವು ನೂರು ರೂಪಾಯಿಗೆ ಯುಎಸ್‌ಬಿ ಕೇಸ್ ಸಿಗುತ್ತದೆ. ಬೇಕಾದ ಹಳೇ ವಿನ್ಯಾಸಗಳನ್ನು ಎತ್ತಿಕೊಂಡು, ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿಸಿ. ಕ್ವಿಕ್ ಫಾರ್ಮ್ಯಾಟ್ ಅಲ್ಲ. ಆ ಕ್ವಿಕ್ ಗುರುತು ತೆಗೆದು ಮಾಡಿದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಆಮೇಲೆ ಶನಿವಾರಕ್ಕೊಮ್ಮೆ 'ಕೆಲಸ' ಫೋಲ್ಡರನ್ನು ಅದಕ್ಕೆ ನಕಲು ಮಾಡಿ, ತಂತಿ ಕಿತ್ತು ಬೀರುವಿನಲ್ಲಿಡಿ. ಹಳೇ ಡಿಸ್ಕಿನ ಆಯಸ್ಸು ಎಷ್ಟೋ, ಅದೊಂದನ್ನೇ ನಂಬಬೇಡಿ. ಈಗಿಂದೀಗ ಏನೂ ಇಲ್ಲದ್ದಕ್ಕಿಂತ ಮೇಲು, ಅಷ್ಟೇ.

ಅಂದ ಹಾಗೆ, ಸಿ ಡ್ರೈವ್ ಕೆಂಪಾಗಲು ನಿಜವಾದ ಕಾರಣ ನಿಮ್ಮ ಸ್ಕ್ಯಾನರ್ ಇರಬಹುದು. ಅದು 600 ಡಿಪಿಐನಲ್ಲಿದ್ದರೆ ಬಣ್ಣದ ಒಂದು ಎ4 ಹಾಳೆ, ಕುಗ್ಗಿಸದೆ, ಸುಮಾರು 100 ಎಂಬಿ. 300ಕ್ಕೆ ಇಳಿಸಿ, ಕಾಲು ಭಾಗವಾಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ, ಒತ್ತಿದರೆ ಸರಿಮಾಡುತ್ತೇವೆ ಎಂದು ಕುಣಿಯುವ ಜಾಹೀರಾತಿನ ಕ್ಲೀನರುಗಳ ಕಡೆ ಮಾತ್ರ ತಲೆಹಾಕಬೇಡಿ. ಹೆಸರುವಾಸಿಯಾದ ಸಿಕ್ಲೀನರ್‌ನ ಒಂದು ಆವೃತ್ತಿಗೇ 2017ರಲ್ಲಿ ಯಾರೋ ದುಷ್ಟ ಕೋಡ್ ಸೇರಿಸಿಬಿಟ್ಟಿದ್ದರು, ಸುಮಾರು 22.7 ಲಕ್ಷ ಬಳಕೆದಾರರ ಕೈಗೆ ಅದು ತಲುಪಿತ್ತು. ವಿಂಡೋಸ್‌ನಲ್ಲಿ ಇರುವುದೇ ನಿಮಗೆ ಸಾಕು.

ಇನ್ನು ಹುಡುಗನ ವಿಷಯ. 'ಉಗ್ರಾಣ ಅಲ್ಲ' ಎಂದು ಅವನು ಹೇಳಿದ್ದು ನಿಜ, ಹೇಳಿದ ರೀತಿ ಸರಿಯಿಲ್ಲ. ಭಾನುವಾರ ಊಟಕ್ಕೆ ಕರೆಯಿರಿ, ಊಟವಾದ ಮೇಲೆ ಅಂಗಡಿಗೆ ಕರೆದುಕೊಂಡು ಹೋಗಿ. ಮೌಸ್ ನಿಮ್ಮ ಕೈಯಲ್ಲೇ ಇರಲಿ. ಅವನು ಪಕ್ಕದ ಸ್ಟೂಲಿನಲ್ಲಿ ಕೂತು ಒಂದೊಂದೇ ಸಾಲು ಓದಿ ಅರ್ಥ ಹೇಳಲಿ, ನೀವೇ ಒತ್ತಿ, ಕೊನೆಗೆ ಇಟ್ಟ ಗಡುವುಗಳನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿ. ಮುಂದೆ ಅದರಲ್ಲಿ ಏನೇ ಬದಲಾಯಿಸಬೇಕಾದರೂ ಮೊದಲು ಆ ಚೀಟಿಯನ್ನು ತಿದ್ದಬೇಕು ಎಂದು ಅವನಿಗೆ ಹೇಳಿ. ನಿಮ್ಮ ಅಂಗಡಿ, ನಿಮ್ಮ ಕೈಬರಹ. ನಾಲ್ಕು ವಾರ ಏನೂ ಕಳೆದಿಲ್ಲವೆಂದು ಕಂಡ ಮೇಲೆ ಸಂಜೆ ಎಣಿಸುವುದು ತಾನಾಗಿ ನಿಂತೀತು. ಯಜಮಾನರಿಗೂ ಆ ಚೀಟಿ ತೋರಿಸಿ.

ಹಾರ್ಡ್ ಡಿಸ್ಕ್ ಸಿಕ್ಕಿತೋ ಇಲ್ಲವೋ, ಒಂದು ಸಾಲು ಬರೆಯಿರಿ.