ದೂರಕ್ಕಿಂತ ಗಡಿ ದುಬಾರಿ

ಆಫ್ರಿಕಾದಲ್ಲಿ ಕಾರಿನ ಪ್ರವಾಸ ಮಾಡಿ ಬಂದೆವು ಅಂದರೆ ಎಲ್ಲರ ಮೊದಲ ಪ್ರಶ್ನೆ, ಡೀಸೆಲ್‌ಗೆ ಎಷ್ಟಾಯಿತು ಅಂತ. ಕೇಪ್‌ಟೌನ್ ಬಿಟ್ಟು ನಮೀಬಿಯಾ, ಬೋಟ್ಸ್ವಾನ, ಜಾಂಬಿಯಾ, ಮಲಾವಿ, ತಾಂಜಾನಿಯಾ ಹಾದು ನೈರೋಬಿ ಸೇರುವ ತನಕ ನಾನೂ ನನ್ನ ಗಂಡನೂ ದಿನದಿನದ ಖರ್ಚು ಬರೆದಿಟ್ಟಿದ್ದೇವೆ. ಡೀಸೆಲ್ ಲೆಕ್ಕ ಹಾಕಿದಷ್ಟಕ್ಕೇ ನಿಂತಿತು. ಹಣ ಹೋದದ್ದು ಗಡಿಗಳಲ್ಲಿ. ಆ ಕಡೆಗೆ ಹೊರಡುವವರಿಗೆ ನಾನು ಹೇಳುವುದು ಇಷ್ಟೇ: ಎಷ್ಟು ಕಿಲೋಮೀಟರ್ ಎಂದು ಆಮೇಲೆ ನೋಡಿ, ಎಷ್ಟು ಗಡಿ ಎಂದು ಮೊದಲು ಎಣಿಸಿ.

ಜೋಹಾನ್ಸ್‌ಬರ್ಗ್‌ನಲ್ಲಿ ಕೆಲಸದ ಮೇಲಿದ್ದಾಗ ಕೊಂಡ ಹಳೆಯ ಹೈಲಕ್ಸ್ ನಮ್ಮದು. ಮಲಗುವ ಟೆಂಟು ಅದರ ನೆತ್ತಿಯ ಮೇಲೆ. ದಕ್ಷಿಣದ ಮೂರು ದೇಶಗಳು ಜೇಬಿಗೆ ಹಗುರ. ನಮೀಬಿಯಾದ ಡಾಲರ್ ಒಂದಕ್ಕೆ ದಕ್ಷಿಣ ಆಫ್ರಿಕಾದ ರ‍್ಯಾಂಡ್ ಒಂದು, ಅಂಗಡಿಯವರು ಎರಡನ್ನೂ ತೆಗೆದುಕೊಳ್ಳುತ್ತಾರೆ. ಆದರೆ ಗಡಿಯಾಚೆ ನಮೀಬಿಯಾದ ನೋಟು ನಡೆಯುವುದಿಲ್ಲ, ಉಳಿದದ್ದನ್ನು ಕೊನೆಯ ಬಂಕಿನಲ್ಲಿ ಟ್ಯಾಂಕಿಗೆ ಸುರಿಸಿಬಿಡಬೇಕು. ಅಪಘಾತದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವ ನಿಧಿ ಈ ಮೂರೂ ದೇಶಗಳಲ್ಲಿದೆ. ಅದಕ್ಕೆ ಹಣ ಇಂಧನದ ಬೆಲೆಯಲ್ಲೇ ಸೇರಿಕೊಂಡಿರುತ್ತದೆ. ಗಾಡಿಗೆ ಆದ ಜಖಂ ಮಾತ್ರ ನಮ್ಮ ತಲೆಗೇ.

ಜಾಂಬಿಯಾ ಬಂತೋ, ಚಿತ್ರ ಬದಲಾಗುತ್ತದೆ. ಬೋಟ್ಸ್ವಾನ ಗಡಿಯ ಕಜುಂಗುಲಾದಲ್ಲಿ ಜಾಂಬೆಜಿ ನದಿಗೆ 2021ರಲ್ಲಿ ಸೇತುವೆಯಾಯಿತು. ಅದಕ್ಕೆ ಮೊದಲು ಲಾರಿಗಳು ಫೆರಿಯ ಸರದಿಗೆ ದಿನಗಟ್ಟಲೆ ಕಾಯಬೇಕಿತ್ತು. ಈಗ ಎರಡೂ ದೇಶದ ಅಧಿಕಾರಿಗಳು ಒಂದೇ ಸೂರಿನಡಿ ಕೂರುತ್ತಾರೆ, ಆದರೂ ಕೌಂಟರುಗಳು ಹಲವು. ಗಾಡಿಯ ತಾತ್ಕಾಲಿಕ ಆಮದು ಪರ್ಮಿಟ್ಟು, ಎಂಜಿನ್ ಗಾತ್ರ ನೋಡಿ ಹಾಕುವ ಕಾರ್ಬನ್ ತೆರಿಗೆ, ರಸ್ತೆ ಸುಂಕ, ಊರಿನ ಕೌನ್ಸಿಲ್ಲಿನ ಲೆವಿ, ವಿಮೆ. ಪರ್ಮಿಟ್ಟಿನಲ್ಲಿ ಚಾಸಿ ನಂಬರಿನ ಒಂದಕ್ಷರ ತಪ್ಪಿದರೂ ದೇಶ ಬಿಡುವಾಗ ತಕರಾರು. "ರೀ, ಇನ್ನೊಂದ್ಸಲ ಓದಿ, ನಿಧಾನವಾಗಿ" ಅಂತ ನಾನು ಕಾಗದ ಹಿಡಿದು ಹೇಳುವುದು, ಇವರು ಬಾನೆಟ್ಟಿನೊಳಗೆ ತಲೆ ತೂರಿಸಿ, ಟಾರ್ಚು ಬಿಟ್ಟುಕೊಂಡು ಒಂದೊಂದೇ ಅಂಕಿ ಕೂಗುವುದು. ಅಧಿಕಾರಿಣಿ ಟೈಪ್ ಮಾಡಿದ್ದನ್ನು ಮುದ್ರಿಸುವ ಮೊದಲು ತೆರೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದಳು. ಅವಳಿಗೆ ನಾನು ಇಂದಿಗೂ ಋಣಿ. ರಸೀದಿಗಳನ್ನು ದಾರಿಯ ಪೊಲೀಸ್ ತಪಾಸಣೆಯಲ್ಲಿ ಕೇಳುತ್ತಾರೆ, ಒಂದು ಚೀಟಿಯನ್ನೂ ಎಸೆಯಬಾರದು.

ಈ ಗಡಿಯಲ್ಲಿ ಹಣ ಉಳಿಸಿಕೊಟ್ಟ ಕಾಗದವೆಂದರೆ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳ ವ್ಯಾಪಾರ ಒಕ್ಕೂಟವಾದ ಕೊಮೆಸಾದ ಯೆಲ್ಲೋ ಕಾರ್ಡ್. ಇದು ಮೂರನೆಯವರ ಹಾನಿಗೆ ಇರುವ ವಾಹನ ವಿಮೆ, ಒಂದು ದೇಶದಲ್ಲಿ ಮಾಡಿಸಿದರೆ ಮುಂದಿನ ದೇಶಗಳಲ್ಲೂ ನಡೆಯುತ್ತದೆ. ತಾಂಜಾನಿಯಾ ಕೊಮೆಸಾದ ಸದಸ್ಯನಲ್ಲ, ಆದರೂ ಕಾರ್ಡನ್ನು ಒಪ್ಪುತ್ತದೆ. ಅದಿಲ್ಲದವರು ಪ್ರತಿ ಗಡಿಯಲ್ಲೂ ಹೊಸ ಪಾಲಿಸಿ ಕೊಳ್ಳಬೇಕು. ಗೇಟಿನ ಬಳಿ ಮುತ್ತಿಕೊಳ್ಳುವ ದಲ್ಲಾಳಿಗಳು ಅದಕ್ಕೇ ಕಾದಿರುತ್ತಾರೆ. ಅವರೂ ಹೊಟ್ಟೆಪಾಡಿಗೆ ನಿಂತವರು, ಒರಟಾಗಿ ಮಾತಾಡಬೇಕಿಲ್ಲ. ನಗದು ಮತ್ತು ಪಾಸ್‌ಪೋರ್ಟು ಮಾತ್ರ ಅವರ ಕೈಗೆ ಹೋಗಕೂಡದು.

ಮಲಾವಿ ನನ್ನ ಮನಸ್ಸನ್ನು ಕಲಕಿದ ದೇಶ. 2023ರ ನವೆಂಬರಿನಲ್ಲಿ ಅಲ್ಲಿನ ಕ್ವಾಚಾ ಅಪಮೌಲ್ಯಗೊಂಡು, ಸುಮಾರು 1,180ಕ್ಕೆ ಸಿಗುತ್ತಿದ್ದ ಅಮೆರಿಕದ ಡಾಲರ್ 1,700 ಆಯಿತು. ಅತಿ ದೊಡ್ಡ ನೋಟು 5,000 ಕ್ವಾಚಾ, ಈ ದರದಲ್ಲಿ ಮೂರು ಡಾಲರ್ ಕೂಡ ಆಗುವುದಿಲ್ಲ. ಟ್ಯಾಂಕ್ ತುಂಬಿಸಲು ರಬ್ಬರ್‌ಬ್ಯಾಂಡ್ ಹಾಕಿದ ಕಂತೆಯನ್ನೇ ಕೊಡಬೇಕು, ಬಂಕಿನ ಹುಡುಗ ಬೆರಳಿಗೆ ಎಂಜಲು ತಾಗಿಸಿಕೊಂಡು ಎರಡೆರಡು ಸಲ ಎಣಿಸುತ್ತಾನೆ. ದೇಶದ ಬಳಿ ಡಾಲರ್ ಇಲ್ಲದಿದ್ದರೆ ತೈಲದ ಹಡಗಿಗೆ ಹಣ ಕೊಡುವವರಾರು? ಹೀಗೆ ಬಂಕುಗಳು ಒಣಗುತ್ತವೆ, ಸಾಲು ಬೆಳೆಯುತ್ತದೆ. ನಾವು ಗಡಿಗೆ ಮುಂಚೆ ಜಾಂಬಿಯಾದ ಚಿಪಾಟಾದಲ್ಲೇ ಕ್ಯಾನುಗಳನ್ನು ತುಂಬಿಕೊಂಡಿದ್ದೆವು. ಬೀದಿಯಲ್ಲಿ ಹೆಚ್ಚಿನ ದರಕ್ಕೆ ಡಾಲರ್ ಕೇಳುವವರು ಸಿಕ್ಕರು, ಕೊಡಲಿಲ್ಲ. ಕಾನೂನಿನ ಮಾತು ಹಾಗಿರಲಿ, ಆ ವಿನಿಮಯದ ಅಂತರವೇ ಅಲ್ಲಿನ ಜನರ ತಾಟಿನ ಎನ್ಸಿಮಾವನ್ನು, ಅಂದರೆ ಮೆಕ್ಕೆಜೋಳದ ಮುದ್ದೆಯನ್ನು, ತುಟ್ಟಿ ಮಾಡುತ್ತಿರುವಾಗ ಅದರಲ್ಲಿ ಲಾಭ ಹುಡುಕಲು ನಮಗೆ ಮನಸ್ಸಾಗಲಿಲ್ಲ. ಮಲಾವಿ ಸರೋವರದ ದಂಡೆಯಲ್ಲಿ ಹೆಚ್ಚು ದಿನ ತಂಗಿದೆವು, ತರಕಾರಿ, ಮಾವು ಎಲ್ಲ ರಸ್ತೆಬದಿಯ ಹೆಂಗಸರಿಂದಲೇ ಕೊಂಡೆವು. ಗಡಿ ದಾಟದ ದಿನಗಳು ಅಗ್ಗ, ನಮ್ಮ ಖರ್ಚಿನ ಪುಸ್ತಕ ಇದನ್ನು ಪುಟಪುಟದಲ್ಲೂ ಹೇಳುತ್ತದೆ.

ಬೆಂಗಳೂರಿನಿಂದ ಹೋಗಿ ಬಾಡಿಗೆ ಗಾಡಿ ಹಿಡಿಯುವವರಿಗೂ ಇದೇ ಲೆಕ್ಕ. ಯಾವ ಯಾವ ದೇಶಕ್ಕೆ ಗಾಡಿ ಹೋಗಬಹುದೆಂಬ ಪತ್ರ ಕಂಪನಿಯಿಂದ ಮೊದಲೇ ಬೇಕು. ನಮೀಬಿಯಾದ ಜಲ್ಲಿ ರಸ್ತೆಯಲ್ಲಿ ಟೈರು, ಗಾಜು ಹೋಗುವುದೇ ಹೆಚ್ಚು, ಅಗ್ಗದ ವಿಮೆ ಸಾಮಾನ್ಯವಾಗಿ ಅವೆರಡನ್ನೂ ಬಿಟ್ಟಿರುತ್ತದೆ. ಅಲ್ಲಿ ಜಿಪುಣತನ ಬೇಡ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ, ಈ ಎಲ್ಲ ದೇಶಗಳಲ್ಲೂ ನಮ್ಮಂತೆ ಎಡಕ್ಕೇ ಓಡಿಸುವುದು. ಕಾರ್ಡ್ ಯಂತ್ರ ರೂಪಾಯಿಯೋ ಸ್ಥಳೀಯ ಹಣವೋ ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಒತ್ತಿ. ಡಾಲರ್ ನೋಟುಗಳು ಹೊಸವಿರಲಿ, ಹಳೆಯ ಮುದ್ರಣದ್ದನ್ನು ಪೂರ್ವ ಆಫ್ರಿಕಾದಲ್ಲಿ ಯಾರೂ ಮುಟ್ಟುವುದಿಲ್ಲ.

ಮತ್ತೆ ನಮ್ಮ ದಾರಿಗೆ ಬಂದರೆ, ತಾಂಜಾನಿಯಾದಲ್ಲಿ ಕಾಡಿಗೂ ಗಡಿಯಿದೆ. ಮಿಕುಮಿ ರಾಷ್ಟ್ರೀಯ ಉದ್ಯಾನದ ನಡುವೆ ಹಾದುಹೋಗುವ ಹೆದ್ದಾರಿಗೆ ಶುಲ್ಕವಿಲ್ಲ. ಆನೆ, ಜಿರಾಫೆ, ಜೀಬ್ರಾಗಳನ್ನು ಸೀಟಿನಲ್ಲಿ ಕುಳಿತೇ ನೋಡಿದೆವು. ಸೆರೆಂಗೆಟಿ ಹಾಗಲ್ಲ. ಆರುಷಾ ಕಡೆಯಿಂದ ಹೋಗುವ ಸಾಮಾನ್ಯ ದಾರಿ ಗೋರೊಂಗೊರೊ ಮೂಲಕ, ಸುಮ್ಮನೆ ದಾಟಿಹೋದರೂ ಅಲ್ಲೊಂದು ಶುಲ್ಕ, ಒಳಗೆ ಇನ್ನೊಂದು. ವಿದೇಶಿ ನಂಬರಿನ ಗಾಡಿಗಂತೂ ಸ್ಥಳೀಯ ಗಾಡಿಯ ಅನೇಕ ಪಟ್ಟು, ನಾವು ಹೋದಾಗ ಅದೂ ಡಾಲರಿನಲ್ಲಿತ್ತು. ನಾವು ಹೈಲಕ್ಸನ್ನು ಆರುಷಾದ ಕ್ಯಾಂಪಿನಲ್ಲೇ ನಿಲ್ಲಿಸಿ, ಅಲ್ಲಿಯದೇ ಜೀಪು, ಅಲ್ಲಿಯವನೇ ಚಾಲಕನನ್ನು ಗೊತ್ತು ಮಾಡಿಕೊಂಡೆವು. ಗಾಡಿಯ ಶುಲ್ಕದಲ್ಲಿ ಉಳಿದದ್ದು ಅವನ ಸಂಬಳಕ್ಕಾಯಿತು, ಒಣಹುಲ್ಲಿನಲ್ಲಿ ಕಿವಿಯ ತುದಿಯಷ್ಟೇ ಕಾಣುತ್ತಿದ್ದ ಚಿರತೆಯನ್ನು ಅವನ ಕಣ್ಣೇ ಹುಡುಕಿಕೊಟ್ಟಿತು.