ಪದ್ಯದ ಪೆಟ್ಟಿಗೆ ಕೊಳ್ಳುವ ಮೊದಲು



ಈ ಸಲದ ಪಾಠದ ವಿಷಯ ಸಣ್ಣದು. ಅಂಗೈಯೊಳಗೆ ಹಿಡಿಸುವ, ಕೆಲವು ನೂರು ರೂಪಾಯಿಗೆ ಸಿಗುವ ಹಾಡಿನ ಪ್ಲೇಯರ್. ಸಂತೆಯಲ್ಲಿ, ಜಾತ್ರೆಯಲ್ಲಿ, ಮೊಬೈಲ್ ಅಂಗಡಿಯಲ್ಲಿ ನೀವೆಲ್ಲ ನೋಡಿದ್ದೀರಿ. "ಇದಕ್ಕೂ ಪಾಠ ಬೇಕಾ ಸಿಸ್ಟರ್?" ಅಂತ ಕೇಳಬಹುದು. ನಾವೂ ಬೇಡ ಅಂತಲೇ ತಿಳಿದಿದ್ದೆವು. ಹಾಗೆ ತಿಳಿದದ್ದು ತಪ್ಪಾಯಿತು. ಅದನ್ನೇ ಮೊದಲು ಹೇಳುತ್ತೇವೆ.

ನಡೆದ ಸಂಗತಿ

ನಮ್ಮ ಒಂದು ಸಂಘದ ಸದಸ್ಯೆ ಗೇರುಬೀಜದ ಕಾರ್ಖಾನೆಗೆ ಹೋಗುವವರು. ಬೆಳಿಗ್ಗೆ 8 ಗಂಟೆಗೆ ಮನೆ ಬಿಟ್ಟರೆ ಬರುವುದು ಸಂಜೆ 6ಕ್ಕೆ. ಮನೆಯಲ್ಲಿ ಅತ್ತೆ ಒಬ್ಬರೇ. ಗ್ಲುಕೋಮಾದಿಂದ ಆ ಅಜ್ಜಿಯ ಎರಡೂ ಕಣ್ಣು ಹೋಗಿ ವರ್ಷಗಳಾಗಿವೆ. ಮನೆಗಿರುವುದು ಒಂದೇ ಫೋನ್, ಅದು ಸೊಸೆಯ ಜೊತೆ ಕಾರ್ಖಾನೆಗೆ ಹೋಗುತ್ತದೆ. ಒಂದು ದಿನ ಸಭೆಯಲ್ಲಿ ಆಕೆ ಎದ್ದು ನಿಂತು, "ಅತ್ತೆಗೆ ಪದ್ಯ ಕೇಳುವ ಒಂದು ಪೆಟ್ಟಿಗೆ ತೆಗೀಬೇಕು, 500 ರೂಪಾಯಿ ಸಾಲ ಕೊಡಿ" ಅಂದರು. ಒಂದಿಬ್ಬರು ನಕ್ಕರು. "ಪದ್ಯ ಕೇಳ್ಲಿಕ್ಕೂ ಸಾಲವಾ ಮಾರಾಯ್ತಿ?" ನಿಜ ಹೇಳಬೇಕೆಂದರೆ ನಮಗೂ ಒಳಗೊಳಗೇ ಹಾಗೆಯೇ ಅನ್ನಿಸಿತ್ತು. ಅಂತೂ ಸಾಲ ಮಂಜೂರಾಯಿತು. ಯಾವ ಪ್ಲೇಯರ್ ಕೊಳ್ಳಬೇಕು ಅಂತ ನಾವು ಯಾರೂ ಒಂದು ಮಾತು ಹೇಳಲಿಲ್ಲ.

ಎರಡು ವಾರದ ನಂತರ ಮನೆಭೇಟಿಗೆ ಹೋದೆವು. ಮಧ್ಯಾಹ್ನ ಮೂರು ಗಂಟೆ ಹೊತ್ತು. ಅಜ್ಜಿ ಚಾಪೆಯ ಮೇಲೆ ಕೂತಿದ್ದರು. ಎಲ್ಲಿಂದಲೋ ಸಣ್ಣಗೆ ಹಾಡು ಕೇಳುತ್ತಿತ್ತು. ನೋಡಿದರೆ ಎರಡು ದಿಂಬು, ಮೇಲೊಂದು ಕಂಬಳಿ, ಅದರ ಅಡಿಯಲ್ಲಿ ಪ್ಲೇಯರ್.

"ಬೆಳಿಗ್ಗೆಯಿಂದ ಅದೇ ಒಂದು ಪದ್ಯ ಸಿಸ್ಟರ್. ನಿಲ್ಲಿಸ್ಲಿಕ್ಕೆ ಗೊತ್ತಾಗ್ಲಿಲ್ಲ. ತಲೆ ಚಿಟ್ಟು ಹಿಡಿದು ದಿಂಬಿನ ಅಡಿಯಲ್ಲಿ ಇಟ್ಟೆ. ಸೊಸೆಗೆ ಹೇಳ್ಬೇಡಿ, ಪಾಪ, ಪ್ರೀತಿಯಿಂದ ತಂದದ್ದು."

ಆ ಪ್ಲೇಯರಿನ ಐದು ಬಟನ್ನುಗಳೂ ಒಂದೇ ಗಾತ್ರ, ಒಂದೇ ಆಕಾರ, ಮೇಲ್ಮೈಗೆ ಸಮನಾಗಿ ನುಣ್ಣಗೆ. ಕಣ್ಣಿದ್ದವರು ಪರದೆ ನೋಡಿ ಒತ್ತಬೇಕು. ಅಜ್ಜಿ ಯಾವುದನ್ನೋ ಒತ್ತಿದಾಗ ಒಂದೇ ಹಾಡು ಮತ್ತೆ ಮತ್ತೆ ಬರುವ ಹಾಗೆ ಆಗಿತ್ತು. ಬ್ಯಾಟರಿ ಮುಗಿಯುವ ತನಕ ಕಾಯುವುದು ಬಿಟ್ಟು ಅವರಿಗೆ ಬೇರೆ ದಾರಿ ಇರಲಿಲ್ಲ. ಅಂಗಡಿಗೆ ವಾಪಸ್ ಕೊಡೋಣವೆಂದರೆ ಬಿಲ್ ಇಲ್ಲ.

ಆದ್ದರಿಂದ ಈ ಪಾಠದ ಮುಖ್ಯ ಮಾತು ಇಷ್ಟು: ಉಪಯೋಗಿಸುವವರ ಕೈಗೆ ಒಗ್ಗದ ವಸ್ತು ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಅದು ದುಬಾರಿಯೇ. ಕೊಳ್ಳುವ ಮೊದಲು ಅವರ ಕೈಯಲ್ಲಿ ಇಟ್ಟು ನೋಡಬೇಕು.

1. ಯಾರಿಗೆ? ಯಾತಕ್ಕೆ?

ಬೆಲೆ ಕೇಳುವ ಮೊದಲು ಈ ಎರಡು ಪ್ರಶ್ನೆ ಕೇಳಿಕೊಳ್ಳಿ. ಕಣ್ಣು ಕಾಣದವರಿಗೋ, ಓದಲು ಬಾರದವರಿಗೋ, ಕೈ ನಡುಗುವವರಿಗೋ? ಹಾಗಾದರೆ ಉಬ್ಬಿದ, ಬಿಡಿಬಿಡಿಯಾದ ದೊಡ್ಡ ಬಟನ್ ಬೇಕು. ಆನ್-ಆಫ್ ಸ್ವಿಚ್ ಜಾರಿಸುವಂಥದ್ದಾದರೆ ಒಳ್ಳೆಯದು, ಮುಟ್ಟಿದರೇ ತಿಳಿಯುತ್ತದೆ. ಸೌಂಡ್ ಕೂಡ ತಿರುಗಿಸುವ ಗುಂಡಿ ಆಗಿದ್ದರೆ ಇನ್ನೂ ಒಳ್ಳೆಯದು.

ಕೆಲಸ ಮಾಡುತ್ತಾ ಕೇಳುವವರಿಗೆ, ಬೀಡಿ ಕಟ್ಟುವವರಿಗೆ, ಹೊಲಿಗೆಯವರಿಗೆ ಒಳಗೇ ಸ್ಪೀಕರ್ ಇರುವ ಪೆಟ್ಟಿಗೆ ಸಾಕು. ಕ್ಲಿಪ್ ಇರುವ ಚಿಕ್ಕ ಪ್ಲೇಯರಿನಲ್ಲಿ ಸಾಮಾನ್ಯವಾಗಿ ಸ್ಪೀಕರ್ ಇರುವುದಿಲ್ಲ, ಇಯರ್‌ಫೋನ್ ಬೇಕೇ ಬೇಕು. ಇನ್ನೊಂದು ಮಾತು. ಸಾದಾ ಕೀಪ್ಯಾಡ್ ಫೋನುಗಳಲ್ಲಿಯೂ ಎಷ್ಟೋ ಸಲ ಕಾರ್ಡ್ ಹಾಕಿ ಹಾಡು ಕೇಳಬಹುದು, ಎಫ್‌ಎಂ ಕೇಳಬಹುದು. ಒಂಟಿಯಾಗಿರುವ ಹಿರಿಯರಿಗೆ ಕರೆ ಮಾಡುವ ಅನುಕೂಲವೂ ಆಗುತ್ತದೆ. ಸ್ವಲ್ಪ ಹೆಚ್ಚು ಹಣ ಹೊಂದಿಸಲು ಆಗುವುದಾದರೆ ಅದನ್ನೂ ಯೋಚಿಸಿ.

2. ಒಳಗೆ ಏನಿದೆ?

ಹಿಂದೆ ಟೇಪ್‌ರೆಕಾರ್ಡರಿಗೆ ಮೋಟಾರ್ ಇತ್ತು, ಬೆಲ್ಟ್ ಇತ್ತು, ಕ್ಯಾಸೆಟ್ಟಿನ ಟೇಪ್ ಸುತ್ತಿಕೊಂಡು ಪಜೀತಿ ಆಗುತ್ತಿತ್ತು. ಇಂದಿನ ಪ್ಲೇಯರಿನಲ್ಲಿ ತಿರುಗುವಂಥದ್ದು ಏನೂ ಇಲ್ಲ. ಹಾಡು ಅಂಕಿಗಳ ರೂಪದಲ್ಲಿ ಮೆಮೊರಿ ಕಾರ್ಡಿನಲ್ಲಿ ಕೂತಿರುತ್ತದೆ. ಒಂದು ಚಿಪ್ ಅದನ್ನು ಓದಿ ಸದ್ದಾಗಿ ಮಾಡುತ್ತದೆ. ಸಾಮಾನ್ಯ ಮನುಷ್ಯನ ಕಿವಿಗೆ ಗೊತ್ತಾಗದ ಭಾಗವನ್ನು ಬಿಟ್ಟು ಹಾಡನ್ನು ಚಿಕ್ಕದು ಮಾಡುವ ಎಂಪಿ3 ವಿಧಾನ ಜರ್ಮನಿಯಲ್ಲಿ ಬೆಳೆದದ್ದು. 1995ರಲ್ಲಿ ಅದಕ್ಕೆ ಆ ಹೆಸರು ಬಂತು. ಅದನ್ನು ನುಡಿಸುವ ಕೈಪ್ಲೇಯರುಗಳು 1998ರಲ್ಲಿ ಮಾರುಕಟ್ಟೆಗೆ ಬಂದವು. ಆಗ ದುಬಾರಿ. ಚಿಪ್ಪೂ ಮೆಮೊರಿಯೂ ಅಗ್ಗವಾದ ಹಾಗೆ ಪ್ಲೇಯರಿನ ಬೆಲೆಯೂ ಇಳಿಯಿತು.

3. ಕಾರ್ಡಿನ ಲೆಕ್ಕ

ಸಾಧಾರಣ ಗುಣಮಟ್ಟದ, ಅಂದರೆ 128 ಕೆಬಿಪಿಎಸ್ ಹಾಡಿಗೆ ನಿಮಿಷಕ್ಕೆ ಸುಮಾರು 1 ಎಂಬಿ ಜಾಗ ಬೇಕು. 5 ನಿಮಿಷದ ಹಾಡಿಗೆ 5 ಎಂಬಿ. 4 ಜಿಬಿ ಕಾರ್ಡಿನಲ್ಲಿ ಸುಮಾರು 4000 ಎಂಬಿ ಇರುತ್ತದೆ. ಅಂದರೆ ಸುಮಾರು 800 ಹಾಡು, 65 ಗಂಟೆಗಿಂತ ಹೆಚ್ಚು! ಒಂದು ಮನೆಗೆ ಇಷ್ಟು ಸಾಕಲ್ಲವೇ?

ಹಾಗಿದ್ದೂ ಅಂಗಡಿಯವರು "64 ಜಿಬಿ ತಗೊಳ್ಳಿ, ರೇಟ್ ಕಡಿಮೆ ಉಂಟು" ಅನ್ನುತ್ತಾರೆ. ಇಲ್ಲಿ ಎರಡು ತೊಂದರೆ ಇದೆ. ಒಂದು, ಅಗ್ಗದ ಪ್ಲೇಯರುಗಳಲ್ಲಿ ಹಲವು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದೇ ಇಲ್ಲ. ಎರಡು, ನಕಲಿ ಕಾರ್ಡುಗಳು. ಮೇಲೆ 64 ಅಂತ ಬರೆದಿರುತ್ತದೆ, ಕಂಪ್ಯೂಟರಿಗೆ ಹಾಕಿದರೂ 64 ಅಂತಲೇ ತೋರಿಸುತ್ತದೆ, ಆದರೆ ಒಳಗೆ ನಿಜವಾಗಿ ಇರುವುದು ತೀರಾ ಕಡಿಮೆ. ಆ ಮಿತಿ ದಾಟಿದ ಮೇಲೆ ಹಾಕಿದ ಹಾಡು ಹೆಸರು ತೋರಿಸಿದರೂ ಹಾಡುವುದಿಲ್ಲ. ಪರೀಕ್ಷೆ ಸುಲಭ: ಕಾರ್ಡ್ ಪೂರ್ತಿ ತುಂಬಿಸಿ, ಕೊನೆಯಲ್ಲಿ ಹಾಕಿದ ಹಾಡುಗಳನ್ನು ನುಡಿಸಿ ನೋಡಿ. ಮನೆಗೆ ಬಂದ ವಾರದೊಳಗೆ ಇದನ್ನು ಮಾಡಿ.

4. ಅಂಗಡಿಯಲ್ಲಿ ಮಾಡಬೇಕಾದದ್ದು

• ಯಾರಿಗೆ ಕೊಳ್ಳುತ್ತೀರೋ ಅವರನ್ನು ಕರೆದುಕೊಂಡು ಹೋಗಿ. ಆನ್ ಮಾಡುವುದು, ಮುಂದಿನ ಹಾಡು, ಸೌಂಡ್, ನಿಲ್ಲಿಸುವುದು: ಈ ನಾಲ್ಕನ್ನೂ ಅವರೇ ಮಾಡಲಿ. ನೀವು ಕೈ ಹಾಕಬೇಡಿ.
• ಆಫ್ ಮಾಡಿ ಪುನಃ ಆನ್ ಮಾಡಿದರೆ ನಿಂತ ಕಡೆಯಿಂದ ಶುರುವಾಗುತ್ತದೋ, ಮೊದಲ ಹಾಡಿಗೇ ಹೋಗುತ್ತದೋ ನೋಡಿ. ಪ್ರವಚನ, ಕಥೆ ಕೇಳುವವರಿಗೆ ಇದು ಮುಖ್ಯ.
• ರೇಡಿಯೋ ಬೇಕಾದರೆ ಎಫ್‌ಎಂ ಇದೆಯೇ ಕೇಳಿ. ಸ್ಪೀಕರ್ ಇಲ್ಲದ ಪ್ಲೇಯರಿನಲ್ಲಿ ಇಯರ್‌ಫೋನಿನ ವಯರೇ ಏರಿಯಲ್. ಅದನ್ನು ಕಿತ್ತರೆ ಸ್ಟೇಷನ್ ಸರಿಯಾಗಿ ಸಿಗುವುದಿಲ್ಲ.
• ಪೊಟ್ಟಣದ ಮೇಲೆ ಎಂಆರ್‌ಪಿ, ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು-ವಿಳಾಸ, ದೂರು ಹೇಳಲು ಫೋನ್ ನಂಬರ್ ಇರಬೇಕು. ಇದು ಕಾನೂನು. ಚಾರ್ಜರ್ ಬೇರೆ ಕೊಳ್ಳುವುದಾದರೆ ಅದರ ಮೇಲೆ ಬಿಐಎಸ್ ಗುರುತು ನೋಡಿ.
• ಬಿಲ್ ಕೇಳಿ. ಕೇಳಲು ನಾಚಿಕೆ ಬೇಡ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ವಸ್ತುವಿಗೆ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

5. ಹಾಡು ತುಂಬಿಸುವಾಗ

ಪರದೆ ಇಲ್ಲದ ಎಷ್ಟೋ ಪ್ಲೇಯರುಗಳು ಹಾಡುಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ನುಡಿಸುವುದಿಲ್ಲ. ಕಾರ್ಡಿಗೆ ಹಾಕಿದ ಕ್ರಮದಲ್ಲಿ ನುಡಿಸುತ್ತವೆ. ಆದ್ದರಿಂದ ಹಳೆಯದನ್ನೆಲ್ಲ ಅಳಿಸಿ, ಬೇಕಾದ ಕ್ರಮದಲ್ಲೇ ಒಂದೊಂದಾಗಿ ಹಾಕಿ. ಕಣ್ಣು ಕಾಣದವರಿಗೆ 800 ಹಾಡು ತುಂಬಿಸಿ ಕೊಟ್ಟರೆ ಅದು ಕಾಡಿನಲ್ಲಿ ಬಿಟ್ಟ ಹಾಗೆ. 30 ಹಾಡು ಸಾಕು. ತಿಂಗಳಿಗೊಮ್ಮೆ ಬದಲಾಯಿಸಿ.

ಅಂಗಡಿಯಲ್ಲಿ "ಫುಲ್ ಲೋಡ್" ಮಾಡಿಕೊಡುವ ಹಾಡುಗಳು ಹೆಚ್ಚಾಗಿ ಅನುಮತಿ ಇಲ್ಲದ ನಕಲು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅದು ತಪ್ಪು. ಹಾಡಿದವರ, ನುಡಿಸಿದವರ ಹೊಟ್ಟೆಪಾಡೂ ಅದರಲ್ಲಿದೆ ಅನ್ನುವುದನ್ನು ದುಡಿದು ತಿನ್ನುವ ನಾವು ಮರೆಯಬಾರದು. ನಿಮ್ಮ ಮನೆಯವರ ಸ್ವಂತ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕಲು ಯಾರ ಅನುಮತಿಯೂ ಬೇಡ, ಹಾಡಿದವರ ಒಪ್ಪಿಗೆ ಇದ್ದರಾಯಿತು. ಕೆಲವು ಫೋನುಗಳ ರೆಕಾರ್ಡಿಂಗ್ ಪ್ಲೇಯರಿಗೆ ಹಿಡಿಸುವುದಿಲ್ಲ. ಅದನ್ನು ಎಂಪಿ3ಗೆ ಬದಲಾಯಿಸಿ ಹಾಕಬೇಕು, ಕಾಲೇಜಿಗೆ ಹೋಗುವ ಮಕ್ಕಳು ಮಾಡಿಕೊಡುತ್ತಾರೆ. ಕಣ್ಣು ಕಾಣದವರಿಗಾಗಿ 2016ರಲ್ಲಿ ಶುರುವಾದ 'ಸುಗಮ್ಯ ಪುಸ್ತಕಾಲಯ' ಎಂಬ ಇಂಟರ್‌ನೆಟ್ ಗ್ರಂಥಾಲಯವೂ ಇದೆ. ಸದಸ್ಯರಾದವರು ಭಾರತದ ಹಲವು ಭಾಷೆಗಳ ಪುಸ್ತಕಗಳನ್ನು ಪಡೆಯಬಹುದು.

6. ಬ್ಯಾಟರಿ

ಒಳಗಿರುವುದು ಲಿಥಿಯಂ ಬ್ಯಾಟರಿ. ಸಾಮಾನ್ಯ 5 ವೋಲ್ಟಿನ ಚಾರ್ಜರ್ ಸಾಕು. ಹಾಸಿಗೆಯ ಮೇಲೆ, ದಿಂಬಿನ ಅಡಿಯಲ್ಲಿ ಚಾರ್ಜಿಗೆ ಇಡಬೇಡಿ. ಬಿಸಿ ಹೊರಗೆ ಹೋಗದೆ ಅಪಾಯವಾಗುತ್ತದೆ. ರಾತ್ರಿಯಿಡೀ ಬಿಡಬೇಡಿ. ತಿಂಗಳುಗಟ್ಟಲೆ ಉಪಯೋಗಿಸದಿದ್ದರೆ ಅರ್ಧ ಚಾರ್ಜಿನಲ್ಲಿ ಇಡಿ, ಪೂರ್ತಿ ಖಾಲಿ ಬಿಟ್ಟರೆ ಬ್ಯಾಟರಿ ಸತ್ತೇ ಹೋಗಬಹುದು. ಬ್ಯಾಟರಿ ಉಬ್ಬಿದರೆ ಉಪಯೋಗ ನಿಲ್ಲಿಸಿ. ಚುಚ್ಚಬೇಡಿ, ಬೆಂಕಿಗೆ ಹಾಕಬೇಡಿ, ಕಸದ ಗುಂಡಿಗೆ ಎಸೆಯಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ.

7. ಕಿವಿಯ ಕಾಳಜಿ

ಈ ಭಾಗವನ್ನು ನಿಮ್ಮ ಮಕ್ಕಳಿಗೂ ಓದಿ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಯ ತನಕ ಕೇಳಬಹುದು. ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬೆಲ್ ಮಿತಿ. ಸದ್ದು ಏರಿದ ಹಾಗೆ ಸಮಯ ಬೇಗ ಇಳಿಯುತ್ತದೆ: 90 ಡೆಸಿಬೆಲ್ ಆದರೆ ದೊಡ್ಡವರಿಗೂ ವಾರಕ್ಕೆ 4 ಗಂಟೆ ಮಾತ್ರ. ಮನೆಯಲ್ಲಿ ಅಳೆಯುವ ಯಂತ್ರ ಇಲ್ಲವಲ್ಲ? ಹಾಗಾದರೆ ಸೌಂಡ್ ಪೂರ್ತಿಯ ನೂರರಲ್ಲಿ 60 ಪಾಲು ದಾಟಿಸಬೇಡಿ. ಕೇಳಿದ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ ಅದು ಎಚ್ಚರಿಕೆ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಪುನಃ ಹುಟ್ಟುವುದಿಲ್ಲ.

ರಸ್ತೆಯಲ್ಲಿ, ರೈಲು ಹಳಿಯ ಹತ್ತಿರ ಇಯರ್‌ಫೋನ್ ಬೇಡವೇ ಬೇಡ. ಇನ್ನು ಹಿರಿಯರು ಸೌಂಡ್ ಜಾಸ್ತಿ ಮಾಡುತ್ತಲೇ ಇದ್ದರೆ ಗದರಬೇಡಿ. ಕಿವಿ ಮಂದವಾಗಿರಬಹುದು, ಡಾಕ್ಟರಿಗೆ ತೋರಿಸಿ.

ಆಮೇಲೆ ಏನಾಯಿತು?

ಮೇಲೆ ಹೇಳಿದ ಅಜ್ಜಿಯನ್ನು ಒಂದು ಶನಿವಾರ ರಿಕ್ಷಾದಲ್ಲಿ ಪೇಟೆಗೆ ಕರೆದುಕೊಂಡು ಹೋದೆವು. ಈ ಸಲ ಬೇರೆ ಅಂಗಡಿ. ಅಜ್ಜಿ ನಾಲ್ಕು ಪೆಟ್ಟಿಗೆಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಸವರಿದರು. ಮೂರನ್ನು ಬದಿಗಿಟ್ಟು, "ಇದು ಆಗ್ಬಹುದು, ಇದರ ಮೂಗು ಸಿಗ್ತದೆ" ಅಂದರು. ಮೂಗು ಅಂದರೆ ಆನ್ ಮಾಡುವ ಗುಂಡಿ! ಮನೆಗೆ ಬಂದು ನಿಲ್ಲಿಸುವ ಬಟನ್ನಿನ ಮೇಲೆ ನೇಲ್‌ಪಾಲಿಶಿನ ಒಂದು ದಪ್ಪ ತೊಟ್ಟು ಇಟ್ಟೆವು. ಒಣಗಿದ ಮೇಲೆ ಅದು ಅಕ್ಕಿಕಾಳಿನಂತೆ ಬೆರಳಿಗೆ ಸಿಗುತ್ತದೆ. ಹತ್ತು ಸಲ ಅಭ್ಯಾಸ ಮಾಡಿಸಿದೆವು. ಹನ್ನೊಂದನೇ ಸಲಕ್ಕೆ ಅವರೇ ನಮ್ಮನ್ನು ಸುಮ್ಮನಿರಿಸಿದರು.

ಹಿಂದೆ ಗದ್ದೆಯಲ್ಲಿ ನೇಜಿ ನೆಡುವಾಗ ಆ ಅಜ್ಜಿ ಪಾಡ್ದನ ಹೇಳುತ್ತಿದ್ದರಂತೆ. ಮೊಮ್ಮಗಳು ಅದನ್ನು ಕೇಳಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ ಕಾರ್ಡಿಗೆ ಹಾಕಿದ್ದಾಳೆ. ಈಗ ಮಧ್ಯಾಹ್ನ ಪಕ್ಕದ ಮನೆಯ ಇಬ್ಬರು ಬೀಡಿಯ ಸೂಪು ಹಿಡಿದುಕೊಂಡು ಅಲ್ಲಿಗೇ ಬಂದು ಕೂರುತ್ತಾರೆ. ಪದ ತಪ್ಪಿದ ಕಡೆ ಅಜ್ಜಿ ಪೆಟ್ಟಿಗೆ ನಿಲ್ಲಿಸಿ, ಸರಿ ಮಾಡಿ ಹೇಳುತ್ತಾರೆ. ಎರಡನೇ ಪ್ಲೇಯರಿನ ಹಣವನ್ನು ಸೊಸೆ ಆರು ಕಂತಿನಲ್ಲಿ ಕಟ್ಟಿ ಮುಗಿಸಿದರು. ಆವತ್ತು ನಕ್ಕವರಲ್ಲಿ ಒಬ್ಬರು ಕಳೆದ ಸಭೆಯಲ್ಲಿ ತಮ್ಮ ತಾಯಿಗಾಗಿ ಇದೇ ಸಾಲಕ್ಕೆ ಅರ್ಜಿ ಕೊಟ್ಟಿದ್ದಾರೆ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಹಗಲಿಡೀ ಒಬ್ಬರೇ ಇರುವ ಹಿರಿಯರು ಯಾರು ಯಾರು? ಅವರ ಹೊತ್ತು ಹೇಗೆ ಹೋಗುತ್ತದೆ?
2. ಊಟ, ಮದ್ದು, ಬಟ್ಟೆ ಬಿಟ್ಟು ಅವರಿಗೆ ಬೇರೆ ಏನೂ ಬೇಡ ಅಂತ ನಾವು ತೀರ್ಮಾನಿಸಿದ್ದು ಯಾವಾಗ? ಅವರನ್ನು ಕೇಳಿದ್ದೇವೆಯೇ?
3. ಕಳೆದ ಒಂದು ವರ್ಷದಲ್ಲಿ ಬಿಲ್ ಇಲ್ಲದೆ ಕೊಂಡ ವಸ್ತುಗಳು ಯಾವುವು? ಅವುಗಳಲ್ಲಿ ಎಷ್ಟು ಈಗ ಉಪಯೋಗದಲ್ಲಿವೆ?

ಮುಂದಿನ ಸಭೆಗೆ ಮಾಡಿಕೊಂಡು ಬರಬೇಕಾದ ಕೆಲಸ: ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ನೆರೆಮನೆಯ ಒಬ್ಬ ಹಿರಿಯರ ಒಂದು ಹಾಡು ಅಥವಾ ಕಥೆಯನ್ನು ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ ತನ್ನಿ. ಎಲ್ಲರೂ ಸೇರಿ ಕೇಳೋಣ.